ಗೌರಿಯ ಬೆನ್ನಿಗೆ ಒಂಟೆ

ಬಾಗಲಕೋಟೆಗೆ ಹತ್ತಿಯ ಬೀಜ ಬಿಡಿಸುವ ಜಿನ್ನು ಬಂದ ಹೊಸದರಲ್ಲಿ, ಅದರ ರಿಪೇರಿ ಖೋಲಿಯಲ್ಲಿ ಮುರ್ತುಜಸಾಬ ಎಂಬ ಫಿಟ್ಟರ್ ಇದ್ದ. ಆತನಿಗೆ ಕೆಲಸ ಚೆನ್ನಾಗಿ ಬರುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು. ಊರಿಗೆಲ್ಲ ಗೊತ್ತಿದೆ ಎಂದು ಆತನಿಗೂ ಗೊತ್ತಿತ್ತು. ತೊಂದರೆ ಶುರುವಾದದ್ದು ಅಲ್ಲಿಂದ.

ಒಂದು ಸಲ ಜಿನ್ನಿನ ಚಕ್ರವೊಂದು ಮುರಿದು, ವಿಲಾಯತಿಯಿಂದ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಬೇರೆ ಚಕ್ರ ಬಂತು. ಹಡಗಿನಲ್ಲಿ ಬಂದು, ರೈಲಿನಲ್ಲಿ ಬಂದು, ಕಡೆಗೆ ಎತ್ತಿನ ಬಂಡಿಯಲ್ಲಿ ಬಂದ ಆ ಚಕ್ರವನ್ನು ಹಚ್ಚಿದರೆ, ಅರದಿಂದ ಒಂದು ಸಲವೂ ತಿಕ್ಕುವ ಕೆಲಸವಿಲ್ಲದೆ ಠಕ್ಕೆಂದು ಕೂತುಬಿಟ್ಟಿತು. ಮುರ್ತುಜಸಾಬ ಅದರ ಮುಂದೆ ಬಹಳ ಹೊತ್ತು ನಿಂತ. ಕೆಲವರಿಗೆ ಗುರು ಸಿಕ್ಕಮೇಲೆ ತಲೆ ತಿರುಗುತ್ತದಂತೆ. ಈತನಿಗೆ ಚಕ್ರ ಸಿಕ್ಕಿತು.

“ಯಾವ ನಟ್ಟ ಆದ್ರೂ ಯಾವ ಬೋಲ್ಟಿಗಾದ್ರೂ ಕೂಡಬೇಕು. ಅದಕ್ಕ ಕಂಪನಿ ಪದ್ಧತಿ ಅಂತಾರ,” ಎಂದು ಮನೆಯಲ್ಲಿ ಹೇಳತೊಡಗಿದ. ಒಂದು ಗಡಿಗೆಯ ಮುಚ್ಚಳ ಇನ್ನೊಂದು ಗಡಿಗೆಗೆ ಕೂಡದಿದ್ದರೆ ಉಸಿರು ಬಿಟ್ಟು ತಲೆಯಾಡಿಸುತ್ತಿದ್ದ. ಹೆಂಡತಿ ಹಜರತಬಿ ಕೆಲವು ದಿನ ಸುಮ್ಮನೆ ಕೇಳಿದಳು. ಆಮೇಲೊಂದು ಮುಂಜಾನೆ ಆತನ ಎಡಗಾಲಿನ ಚಪ್ಪಲಿಯನ್ನು ಬಲಕ್ಕೂ ಬಲಗಾಲಿನದನ್ನು ಎಡಕ್ಕೂ ಇಟ್ಟು, “ಹಾಕ್ಕೊಂಡು ನಡೀರಿ, ಕಂಪನಿ ಪದ್ಧತಿ,” ಎಂದಳು. ಆತ ಓಣಿಯ ತಿರುವಿನವರೆಗೆ ಹಾಗೆಯೇ ಹೋದ. ತಿರುವಿನಾಚೆ ಏನು ಮಾಡಿದನೋ ಆಕೆಗೆ ಕಾಣಲಿಲ್ಲ.

ಅವರ ಬಾಜೂ ಮನೆ ಸುಂದರವ್ವನದು. ಗಂಡ ತೀರಿಕೊಂಡ ಮೇಲೆ ಒಬ್ಬನೇ ಮಗ ಯಂಕಪ್ಪನನ್ನು ಸಾಕಿ, ಅದೇ ಜಿನ್ನಿನಲ್ಲಿ ಹತ್ತಿ ತೂಗುವ ಕೆಲಸಕ್ಕೆ ಹಚ್ಚಿದವಳು. ಮುರ್ತುಜಸಾಬನಿಗೆ ಆಕೆ ಅಕ್ಕ. ರಕ್ತಸಂಬಂಧ ಏನೂ ಇರಲಿಲ್ಲ, ಬೈಗುಳದ ಸಂಬಂಧ ಇತ್ತು; ಅದು ಹೆಚ್ಚು ಗಟ್ಟಿ. ಮಗನಿಗೆ ಹೆಣ್ಣು ಹುಡುಕುತ್ತ ಆಕೆ ಬಾದಾಮಿ, ಹುನಗುಂದ ಎಲ್ಲ ತಿರುಗಿ, ಚಪ್ಪಲಿ ಸವೆಸಿ, ಇಳಕಲ್ಲಿನ ನೇಕಾರ ಶಂಕ್ರಪ್ಪನ ಮಗಳು ಚಂದವ್ವನನ್ನು ಗೊತ್ತು ಮಾಡಿ ಬಂದಿದ್ದಳು. ನಿಶ್ಚಯವೂ ಆಗಿತ್ತು. ಇನ್ನು ಗೌರಿ ಹುಣ್ಣಿಮೆಗೆ ಗಂಡಿನ ಮನೆಯಿಂದ ಹೆಣ್ಣಿನ ಮನೆಗೆ ಕುಬಸದ ಜೊತೆ ಸಕ್ಕರೆ ಗೊಂಬೆ ಹೋಗಬೇಕು. ಹುಣ್ಣಿಮೆಯ ಸಂಜೆ ಹುಡುಗಿ ಆ ಗೊಂಬೆಗಳನ್ನು ತಾಟಿನಲ್ಲಿ ನಿಲ್ಲಿಸಿ ಗುಡಿಗೆ ಆರತಿ ಒಯ್ದಳೆಂದರೆ ಸಂಬಂಧ ಗಟ್ಟಿಯಾಯಿತೆಂದು ಓಣಿಯೆಲ್ಲ ನೋಡುತ್ತದೆ. ಒಯ್ಯಲಿಲ್ಲವೆಂದರೆ ಅದನ್ನೂ ಓಣಿಯೆಲ್ಲ ನೋಡುತ್ತದೆ.

ಸುಂದರವ್ವ ಪೆಟ್ಟಿಗೆಯಿಂದ ಹಳೆಯ ಕಟ್ಟಿಗೆಯ ಅಚ್ಚುಗಳನ್ನು ತೆಗೆದು ನೋಡಿದಳು. ಹುಳ ತಿಂದು ಆನೆಗೆ ಸೊಂಡಿಲು ಉಳಿದಿರಲಿಲ್ಲ. ನವಿಲು ಕೋಳಿಯಾಗಿತ್ತು.

“ಗೌಡರ ಮನ್ಯಾಗ ಕೇಳಿ ತರ್ತೇನಿ,” ಎಂದಳು.

ಕಟ್ಟೆಯ ಮೇಲೆ ಕೂತಿದ್ದ ಮುರ್ತುಜಸಾಬ ಗಂಟಲು ಸರಿಮಾಡಿಕೊಂಡ. “ಅಕ್ಕಾ, ಕಟಿಗಿ ಅಚ್ಚಿನ ಕಾಲ ಮುಗೀತು. ನಾ ಮಾಡಿ ಕೊಡ್ತೇನಿ. ಹಿತ್ತಾಳಿದು.”

“ನೀ ಜಿನ್ನಿನ ಗಾಲಿ ಮಾಡಾಂವ. ಗೊಂಬಿದು ಏನ್ ಗೊತ್ತೋ ನಿನಗ?”

“ಗಾಲಿ ಆದ್ರೇನು, ಗೌರಿ ಆದ್ರೇನು? ಎರಡು ಹೋಳು ಬರೋಬರಿ ಕೂಡೋದು ಮುಖ್ಯ.”

ಒಳಗಿನಿಂದ ಹಜರತಬಿಯ ದನಿ ಬಂತು. “ಸುಂದ್ರಕ್ಕಾ, ಗೌಡರ ಮನಿಗೆ ಹೋಗ್ರಿ.”

ಆದರೆ ಮುರ್ತುಜಸಾಬ ಆಗಲೇ ಬೆರಳಿನಿಂದ ಗಾಳಿಯಲ್ಲಿ ಆನೆಯ ಅಳತೆ ತೆಗೆಯುತ್ತಿದ್ದ.

ಹೊಸ ಹತ್ತಿ ಬರುವವರೆಗೆ ಜಿನ್ನು ನಿಂತೇ ಇರುತ್ತದೆ. ಖೋಲಿಯಲ್ಲಿ ಆತನನ್ನು ಕೇಳುವವರಿರಲಿಲ್ಲ. ಆನೆ, ಕುದುರೆ, ಒಂಟೆ, ಬಸವಣ್ಣ, ಗೌರಿ ಎಂದು ಗೊಂಬೆಗಳನ್ನು ಮೇಣದಲ್ಲಿ ಕೊರೆದು, ಕಂಚಗಾರರ ಕುಲುಮೆಯಲ್ಲಿ ಹಿತ್ತಾಳೆ ಎರೆಸಿಕೊಂಡು ಬಂದು ತಿಕ್ಕಲು ಕೂತ. ಕಟ್ಟಿಗೆಯ ಅಚ್ಚಿನಲ್ಲಿ ಆನೆಯ ಜೋಡಿ ಆನೆಯಷ್ಟು, ಗಿಳಿಯ ಜೋಡಿ ಗಿಳಿಯಷ್ಟು ಇರುತ್ತದೆ. ಅದು ಮುರ್ತುಜಸಾಬನಿಗೆ ಅಶಿಸ್ತೆನಿಸಿತು. ಆತ ಎಲ್ಲ ಹೋಳುಗಳನ್ನೂ ಒಂದೇ ಅಳತೆಗೆ ತಂದ. ಪ್ರತಿ ಗೊಂಬೆಯೂ ವೀಳ್ಯದೆಲೆಯ ಆಕಾರದ ಒಂದು ಬಿಲ್ಲೆಯ ಮೇಲೆ ಉಬ್ಬಿ ನಿಲ್ಲಬೇಕು, ಬಿಲ್ಲೆ ಎಲ್ಲಕ್ಕೂ ಒಂದೇ. ಎಡ ಹೋಳಿನಲ್ಲಿ ಗೊಂಬೆಯ ಒಂದು ಮೈ, ಬಲ ಹೋಳಿನಲ್ಲಿ ಇನ್ನೊಂದು ಮೈ. ಎಡ ಹೋಳಿನ ಮೂಲೆಗಳಿಗೆ ಮೊಳೆ, ಬಲ ಹೋಳಿನ ಮೂಲೆಗಳಿಗೆ ತೂತು. ಮೇಲೆ ಪಾಕ ಹೋಗುವ ಬಾಯಿ, ಪಕ್ಕದಲ್ಲಿ ಗಾಳಿ ಹೊರಬೀಳುವ ಸಣ್ಣ ಕಿಂಡಿ. ತಿಕ್ಕಿದ, ಕೂಡಿಸಿದ, ಬೆಳಕಿಗೆ ಹಿಡಿದ, ಬಿಚ್ಚಿದ, ಮತ್ತೆ ತಿಕ್ಕಿದ. ಕಡೆಗೊಂದು ದಿನ ಆನೆಯ ಎಡ ಹೋಳನ್ನು ಕುದುರೆಯ ಬಲ ಹೋಳಿಗೆ ಒತ್ತಿದರೆ ಠಕ್ಕೆಂದು ಕೂತಿತು. ಮುರ್ತುಜಸಾಬನ ಕಣ್ಣಲ್ಲಿ ನೀರು ಬಂತು. ಆ ಠಕ್ಕಿನಲ್ಲಿ ಆತ ಕಂಡದ್ದು ವಿಲಾಯತಿಯನ್ನು. ಆನೆ, ಕುದುರೆ ಯಾವುದೂ ಆತನಿಗೆ ಕಾಣಲಿಲ್ಲ.

ಅಷ್ಟರಲ್ಲಿ ಮ್ಯಾನೇಜರರು ಬಂದು ಒಂದು ಹೋಳನ್ನು ಕೈಗೆತ್ತಿಕೊಂಡರು.

“ಇದು ಜಿನ್ನಿನ ಯಾವ ಸಾಮಾನೋ?”

“ಎಡಗಡೇದುರಿ.”

“ಇಲ್ಲೊಂದು ಸೊಂಡಿ ಐತಿ.”

“ಹತ್ತಿ ಎಳಕೊಳ್ಳಾಕರಿ.”

ಮ್ಯಾನೇಜರರು ಹತ್ತಿಯ ಧಾರಣೆ ಬಲ್ಲವರು, ಯಂತ್ರ ಬಲ್ಲವರಲ್ಲ. “ಜ್ವಾಕಿ,” ಎಂದು ಹೇಳಿ ಕೊಟ್ಟು ಹೋದರು.

ಮನೆಗೆ ತಂದ ಅಚ್ಚುಗಳನ್ನು ಹಜರತಬಿ ತಿರುವಿ ತಿರುವಿ ನೋಡಿದಳು. “ಎಲ್ಲಾ ಒಂದ ಥರಾ ಅದಾವು. ಯಾವುದರ ಜೋಡಿ ಯಾವುದು ಅಂತ ಹೆಂಗ ತಿಳೀತೈತಿ? ಬೆನ್ನಿಗೆ ಒಂದೊಂದು ಗೀಟು ಎಳೀರಲ್ಲ.”

“ಗೀಟು ಎಳಿಯೋದು ಬಡಿಗ್ಯಾರ ಕೆಲಸ,” ಎಂದ ಮುರ್ತುಜಸಾಬ. “ಕಂಪನಿ ಸಾಮಾನಿಗೆ ಜೋಡಿ ಅನ್ನೋದ ಇರೂದಿಲ್ಲ. ಎಲ್ಲಕ್ಕೂ ಎಲ್ಲಾ ಜೋಡಿ.”

“ಯಾ ಅಲ್ಲಾ,” ಎಂದು ಹಜರತಬಿ ಒಳಗೆ ಹೋದಳು.

ಪಾಕ ಎರೆಯುವ ದಿನ ಸುಂದರವ್ವನ ಅಂಗಳದಲ್ಲಿ ಓಣಿಯ ಹೆಂಗಸರೆಲ್ಲ ಸೇರಿದರು. ಸಕ್ಕರೆ ಪಾಕ ಹಾಲು ಕುಡಿದು ಬೆಳ್ಳಗಾಗಿ ಕುದಿಯುತ್ತಿತ್ತು. ಕಟ್ಟಿಗೆಯ ಅಚ್ಚಾದರೆ ನೀರಲ್ಲಿ ನೆನೆಹಾಕಬೇಕು, ಹಿತ್ತಾಳೆ ನೀರು ಕುಡಿಯುವುದಿಲ್ಲ. ಅದಕ್ಕೆ ಮುರ್ತುಜಸಾಬ ಒಳಮೈಗೆ ಧಾರಾಳವಾಗಿ ಬೆಣ್ಣೆ ಹಚ್ಚಿಸಿ, ಧೂಳು ಕೂಡದಂತೆ ಎಲ್ಲ ಹೋಳುಗಳನ್ನೂ ಹಲಗೆಯ ಮೇಲೆ ಬೋರಲು ಹಾಕಿಸಿದ. ಎಡದವು ಈ ಸಾಲು, ಬಲದವು ಆ ಸಾಲು. ಆಮೇಲೆ ಒಳಗಿನಿಂದ ಪಿಚಕಾರಿ ತಂದ. ಕಾಮಣ್ಣನ ಹುಣ್ಣಿಮೆಯಲ್ಲಿ ಬಣ್ಣ ಹಾರಿಸುತ್ತಾರಲ್ಲ, ಅದೇ ಹಿತ್ತಾಳೆಯ ಪಿಚಕಾರಿ.

“ಇದ್ಯಾಕೋ?” ಎಂದಳು ಸುಂದರವ್ವ.

“ಸುರುವಿದ್ರ ಪಾಕ ಮೂಲಿಮೂಲಿಗೆ ಹೋಗಾಂಗಿಲ್ಲಕ್ಕಾ. ಒತ್ತಬೇಕು. ಒತ್ತಿದ್ರ ಗಿಳಿ ಉಗುರು ಸುದ್ಧಾ ಮೂಡತಾವು.”

ಮೊದಲನೆಯ ಒತ್ತಿಗೆ ಪಾಕವು ಅಚ್ಚನ್ನು ತುಂಬಿ, ಗಾಳಿಯ ಕಿಂಡಿಯಿಂದ ದಾರದಂತೆ ಹಾರಿ, ನೋಡಲು ಬಗ್ಗಿದ್ದ ಯಂಕಪ್ಪನ ಮೀಸೆಯ ಒಂದು ಕಡೆಗೆ ಬಿದ್ದು ಅಲ್ಲೇ ಗಟ್ಟಿಯಾಯಿತು. ಮದುಮಗನ ಅರ್ಧ ಮೀಸೆ ಮೇಲಕ್ಕೆ ನಿಂತಿತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಆದರೆ ಅಚ್ಚು ಬಿಚ್ಚಿದಾಗ ನಗು ನಿಂತಿತು. ಒಳಗೆ ಆನೆ ಇತ್ತು. ಎಂಥ ಆನೆ! ಕಿವಿಯ ನರ ಕಾಣುತ್ತಿತ್ತು.

“ಹೊರಳಸಬ್ಯಾಡ್ರಿ, ಒಳಗ ಇನ್ನೂ ಹಸಿ ಐತಿ,” ಎಂದು ಮುರ್ತುಜಸಾಬ ಅದನ್ನು ಮುಖ ಮೇಲಾಗಿಯೇ ಅರಳೆಯ ಹಾಸಿನ ಮೇಲೆ ಮಲಗಿಸಿದ. ಆಮೇಲೆ ಆತನಿಗೆ ಹುರುಪು ಬಂತು. ಈ ಸಾಲಿನಿಂದೊಂದು, ಆ ಸಾಲಿನಿಂದೊಂದು, ಕಣ್ಣು ಹೆಂಗಸರ ಮೇಲೆ, ಕೈ ಹೋಳಿನ ಮೇಲೆ, ಠಕ್, ಪಿಚಕಾರಿ, ಬಿಚ್ಚು. ಕುದುರೆ. ಗಿಳಿ. ನವಿಲು. ಗೌರಿ. ಗೌರಿಯ ಮೂಗುತಿ ನೋಡಿ ಸುಂದರವ್ವ ಕೈ ಮುಗಿದು ಹಣೆಗೆ ಒತ್ತಿಕೊಂಡಳು. ಹೊಸ ಗೊಂಬೆಯ ಬೆನ್ನಿನಲ್ಲಿ ಏನಿದೆಯೆಂದು ಆ ಹೊತ್ತಿನಲ್ಲಿ ಯಾರಿಗೂ ಕುತೂಹಲವಿರಲಿಲ್ಲ. ಬುಟ್ಟಿ ತುಂಬಿ, ಮೇಲೆ ಅರಳೆ ಮುಚ್ಚಿ, ಬಂಡಿಯ ಮಲೀಕಸಾಬನ ಕೈಗೆ ಕೊಟ್ಟು ಇಳಕಲ್ಲಿಗೆ ಕಳಿಸಿದರು. ಮುರ್ತುಜಸಾಬ ಅಂದು ಊಟದಲ್ಲಿ ಎರಡು ರೊಟ್ಟಿ ಹೆಚ್ಚು ತಿಂದ.

ಬಂಡಿ ತಿರುಗಿ ಬಂದಾಗ ಬುಟ್ಟಿಯೂ ತಿರುಗಿ ಬಂತು.

ಮಲೀಕಸಾಬ ಮಾತಿಗೆ ಮೊದಲು ನೀರು ಕೇಳಿದ. ಕುಡಿದು ಮುಗಿಸುವವರೆಗೆ ಸುಂದರವ್ವ ತಡೆದಳು, ಅದೇ ದೊಡ್ಡದು.

“ಮೊದಲ ಎಲ್ಲಾ ಚಂದಿತ್ತು ಯವ್ವಾ,” ಎಂದ ಮಲೀಕಸಾಬ. “ತಾಟಿನ್ಯಾಗ ನಿಂದ್ರಿಸಿದ್ರು. ಈ ಕಡೆ ಹುಡಗಿ ಅಜ್ಜಿ ಕುಂತಿದ್ಲು, ಆ ಕಡೆ ಆಕಿ ಮಗ, ಹುಡಗಿ ಸ್ವಾದರಮಾವ ಹುಲ್ಲಪ್ಪ. ಅಜ್ಜಿ ‘ಆನಿ ಭಾಳ ಲಕ್ಷಣ ಐತಿ’ ಅಂದ್ಲು. ಹುಲ್ಲಪ್ಪ ‘ಅದು ಕುದರಿ ಬೇ’ ಅಂದ. ‘ಆನಿ’ ಅಂದ್ಲು. ‘ನಿನ್ನ ಕಣ್ಣಿಗೆ ಪೊರಿ ಬಂದೈತಿ, ಕುದರಿ’ ಅಂದ. ‘ನಿನ್ನ ಎತ್ತಿ ಆಡ್ಸಿದಾಕಿ ನಾ, ನನಗ ಕುರುಡಿ ಅಂತೀ’ ಅಂತ ಮುದುಕಿ ಅಳಾಕ ಹತ್ತಿದ್ಲು. ಮನಿಮಂದಿ ಎರಡು ಪಾರ್ಟಿ ಆದ್ರು.”

“ಆಮ್ಯಾಲ?”

“ಆಮ್ಯಾಲ ಯಾರೋ ತಾಟು ತಿರುವಿದ್ರು.”

ಮುರ್ತುಜಸಾಬ ಮೆಲ್ಲಗೆ ಎದ್ದು ಬುಟ್ಟಿಯಿಂದ ಒಂದು ಗೊಂಬೆ ತೆಗೆದ. ಈ ಕಡೆ ನವಿಲು. ಆ ಕಡೆ ಬಸವಣ್ಣ. ಎರಡೂ ಬಹಳ ಚಂದ ಮೂಡಿದ್ದವು.

“ಅದೆಲ್ಲಾ ನಕ್ಕು ಬಿಡ್ತಿದ್ರೇನೋ,” ಎಂದ ಮಲೀಕಸಾಬ. “ಗೌರಿ ತಿರುವಿದ್ರು ನೋಡ್ರಿ. ಹಿಂದ ಉದ್ದ ಕೊರಳಿನ ಒಂಟಿ. ಮನ್ಯಾಗ ಸಾವಾದಾಂಗ ಆತು. ‘ನಮ್ಮ ಹುಡಗೀನ ಒಂಟಿ ಅಂದಾರ’ ಅಂತ ಹುಲ್ಲಪ್ಪ ಬುಟ್ಟಿ ತಂದು ಬಂಡ್ಯಾಗ ಇಟ್ಟ. ಹುಣ್ಣಿವಿ ಒಳಗ ಬಂದು ಯಾಕ ಅಂದ್ರಿ ಅಂತ ಹೇಳಿದ್ರ ಸರಿ, ಇಲ್ಲಂದ್ರ ಸಂಬಂಧ ಮುರದಾಂಗ ಅಂತ.”

“ಯಾಕಪಾ, ಒಂಟಿ ಅಂದ್ರ ಅವರಿಗೆ ಅಷ್ಟ್ಯಾಕ ಸಿಟ್ಟು?” ಎಂದಳು ಸುಂದರವ್ವ. ಅದು ಮಲೀಕಸಾಬನಿಗೂ ಗೊತ್ತಿರಲಿಲ್ಲ.

ಆಕೆ ಮುರ್ತುಜಸಾಬನ ಕಡೆ ತಿರುಗಿದಳು. ಬೈಯಲಿಲ್ಲ. ಆತನಿಗೆ ಹೆದರಿಕೆಯಾದದ್ದು ಅದಕ್ಕೇ.

“ಎಷ್ಟು ಮನಿ ಹೊಸ್ತಲಾ ಹತ್ತಿಳದೇನಿ ನಿನಗ ಗೊತ್ತೈತಿ. ಇದೊಂದು ಹೋತಂದ್ರ ನನ್ನ ಮಗ ಹಿಂಗ ಕೂಡತಾನ. ನೀನ ಹೋಗು, ನೀನ ಹೇಳು. ಸರಿ ಮಾಡಿ ಬಂದ್ರ ಬಾ. ಇಲ್ಲಂದ್ರ ಇಳಕಲ್ಲಾಗ ಒಂದು ಮನಿ ಹಿಡಿ.”

ಹೀಗೆ ಮುರ್ತುಜಸಾಬ ಗೊಂಬೆಯ ಬುಟ್ಟಿ, ಅಚ್ಚಿನ ಚೀಲ ಎರಡನ್ನೂ ಹಿಡಿದು ಬಂಡಿ ಹತ್ತಿದ. ಅಮೀನಗಡದಲ್ಲಿ ಬೀಗರ ಬಾಯಿ ಸಿಹಿಯಾಗಲೆಂದು ಕರದಂಟು ಕೊಂಡ. ಹೆದರಿಕೆಯಲ್ಲಿ ಹುನಗುಂದ ಮುಟ್ಟುವಷ್ಟರಲ್ಲಿ ತಾನೇ ಅದನ್ನು ತಿಂದು ಮುಗಿಸಿದ್ದ.

ಶಂಕ್ರಪ್ಪನ ಪಡಸಾಲೆಯಲ್ಲಿ ಮಗ್ಗ ನಡೆದಿತ್ತು. ಮುದುಕಿ ಗೋಡೆಗೆ ಒರಗಿ ಕಾಲು ಚಾಚಿದ್ದಳು. ಹುಲ್ಲಪ್ಪ ನಡುವೆ ಚಾಪೆ ಹಾಕಿ ಕೂತಿದ್ದ. ಹುಡುಗಿಯ ಸೋದರಮಾವನಾದವನಿಗೆ ಇಂಥ ದಿನ ಮೇಲಿಂದ ಮೇಲೆ ಬರುವುದಿಲ್ಲ.

“ಕೂಡ್ರಿ ಸಾಬರ,” ಎಂದ. “ಒಂಟಿ ಮಾಡಿದವರು ನೀವೇನು?”

“ಒಂಟಿ ಅಷ್ಟ ಅಲ್ರಿ, ಎಲ್ಲಾ ನಾನ ಮಾಡೇನಿ,” ಎಂದ ಮುರ್ತುಜಸಾಬ. ಅಷ್ಟು ಹೆದರಿಕೆಯಲ್ಲೂ ಹೆಮ್ಮೆ ಒಂದು ತುದಿಯಿಂದ ಇಣುಕಿತು. “ಇದರಾಗ ಯಾರ ಮನಸಿನ್ಯಾಗೂ ಏನಿಲ್ಲರಿ. ಹೋಳು ಅದಲಬದಲ ಆಗ್ಯಾವು. ನೋಡ್ರಿ ತೋರಸ್ತೇನಿ.” ಚೀಲದಿಂದ ಎರಡು ಹೋಳು ತೆಗೆದು ಒತ್ತಿದ. ಠಕ್. “ಹೆಂಗ ಕೂತ್ತು? ಈಗ ಇದನ್ನ ತಗದು ಇನ್ನೊಂದು ಹಚ್ಚತೇನಿ.” ಠಕ್. “ಯಾವುದಕ್ಕ ಯಾವುದನ್ನರ ಹಚ್ಚರಿ, ಕೂಡತೈತಿ. ಬಾಗಲಕೋಟ್ಯಾಗ ಈಗ ಹಿಂಗರಿ.”

ಹುಲ್ಲಪ್ಪ ನಿಧಾನವಾಗಿ ಕೇಳಿದ. “ಅಂದ್ರ ನಿಮ್ಮ ಬಾಗಲಕೋಟ್ಯಾಗ ಯಾವ ಗಂಡಿಗೆ ಯಾವ ಹೆಣ್ಣಾದ್ರೂ ಆಗತೈತಿ ಅನ್ರಿ.”

ಮಗ್ಗ ನಿಂತಿತು.

“ಹಂಗಲ್ರಿ. ಮೊಳಿ, ತೂತು ಎರಡೂ ಬರೋಬರಿ ಇದ್ರ—”

“ಮೊಳಿ ಮಾತು ಬಿಡ್ರಿ, ಹೆಣಮಕ್ಕಳು ಅದಾರ,” ಎಂದು ಶಂಕ್ರಪ್ಪ ಮಗ್ಗದ ಕುಣಿಯಿಂದಲೇ ಕೂಗಿದ.

ಬಾಗಿಲ ಹಿಂದೆ ಬಳೆಗಳ ಸದ್ದಾಯಿತು. ಮುರ್ತುಜಸಾಬ ಎರಡು ಹೋಳುಗಳನ್ನೂ ಚೀಲದೊಳಗೆ ತುರುಕಿದ.

“ಅದಿರ್ಲಿ,” ಎಂದ ಹುಲ್ಲಪ್ಪ. “ಬುಟ್ಟ್ಯಾಗ ಅಷ್ಟು ಗೊಂಬಿ ಇದ್ವು. ಸರಿಯಾಗಿ ಗೌರಿ ಬೆನ್ನಿಗೇ ಒಂಟಿ ಬಂತು. ನಮ್ಮ ಹುಡಗಿ ಎತ್ತರ ಅದಾಳಂತ ನಿಮಗ ಯಾರ್ ಹೇಳಿದ್ರು?”

“ಎತ್ತರ ಅದಾಳೇನ್ರಿ?” ಎಂದ ಮುರ್ತುಜಸಾಬ.

ಆ ಮನೆಯಲ್ಲಿ ಆವರೆಗೆ ಆ ಮಾತನ್ನು ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಮೈಕಟ್ಟು ಒಳ್ಳೆಯದು ಎನ್ನುತ್ತಿದ್ದರು. ಬೆಳವಣಿಗೆ ಚೆನ್ನಾಗಿದೆ ಎನ್ನುತ್ತಿದ್ದರು. ಈಗ ಅದನ್ನು ಆಡಿದವನು ಸೋದರಮಾವನೇ. ಮುದುಕಿ ಮಗ ಹುಲ್ಲಪ್ಪನನ್ನು ನೋಡಿದಳು. ಶಂಕ್ರಪ್ಪ ಮಗ್ಗದ ನೂಲನ್ನು ನೋಡಿದ.

“ಎಷ್ಟು ಎತ್ತರರಿ?” ಎಂದು ಕೇಳಿಬಿಟ್ಟ ಮುರ್ತುಜಸಾಬ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಫಿಟ್ಟರನ ಬಾಯಿಗೆ ಅಳತೆಯ ಪ್ರಶ್ನೆ ಕೆಮ್ಮಿನ ಹಾಗೆ ಬರುತ್ತದೆ.

ಹುಲ್ಲಪ್ಪ ಎದ್ದು ನಿಲ್ಲುತ್ತಿದ್ದ. ಅಷ್ಟರಲ್ಲಿ ಒಳಗಿನ ಬಾಗಿಲಿನಿಂದ ಚಂದವ್ವ ತಲೆ ಬಗ್ಗಿಸಿ ಹೊರಗೆ ಬಂದಳು. ತಲೆ ಬಗ್ಗಿಸಿದ್ದು ನಾಚಿಕೆಗಲ್ಲ, ಬಾಗಿಲಿಗೆ. ಹೊರಬಂದು ನೆಟ್ಟಗೆ ನಿಂತಳು. ಹುಲ್ಲಪ್ಪ ಎದ್ದು ನಿಂತರೂ ಕೂತಂತೆಯೇ ಕಂಡ.

“ಇಷ್ಟರಿ,” ಎಂದಳು.

ಮುರ್ತುಜಸಾಬನ ಎದೆಯ ಮೇಲಿನ ಭಾರ ಇಳಿಯಿತು. ತಪ್ಪು ಎಲ್ಲಿದೆಯೆಂದು ಗೊತ್ತಾದರೆ ಮೆಕ್ಯಾನಿಕನಿಗೆ ಅರ್ಧ ಕೆಲಸ ಆದಂತೆಯೇ. ಹಿಗ್ಗಿನಲ್ಲಿ ಬಾಯಿ ಸಡಿಲವಾಯಿತು. “ಇಷ್ಟಕ್ಕ ಏನ್ರಿ ಇಷ್ಟೆಲ್ಲಾ? ನಮ್ಮ ಯಂಕಪ್ಪ ಅಷ್ಟು ಗಿಡ್ಡ ಇದ್ರೂ ನೀವು ಒಪ್ಪೀರಿ, ಮತ್ತ ಒಂದು ಒಂಟಿ ನೋಡಿ—”

ಆತನ ಬಾಯಿ ಮುಚ್ಚಿತು. ಉಳಿದವರದು ತೆರೆಯಿತು.

“ಗಿಡ್ಡ?” ಎಂದ ಹುಲ್ಲಪ್ಪ.

ನಡೆದದ್ದಿಷ್ಟು. ಹೆಣ್ಣು ನೋಡಲು ಹೋದ ದಿನ ಯಂಕಪ್ಪನನ್ನು ಎರಡು ಗಾದಿಯ ಮೇಲೆ ಕೂರಿಸಿ, ಎಲ್ಲರೂ ಹೊರಟು ಬಂಡಿ ಹತ್ತುವವರೆಗೆ ಏಳಬೇಡವೆಂದು ಸುಂದರವ್ವ ತಾಕೀತು ಮಾಡಿದ್ದಳು. ಕಾಲು ಉಳುಕಿದೆ ಎಂದು ಹೇಳಿಸಿ, ಬರುವಾಗ ಹೋಗುವಾಗ ಬಾಗಿಸಿಯೇ ಕುಂಟಿಸಿದ್ದಳು.

“ಮೋಸ,” ಎಂದ ಶಂಕ್ರಪ್ಪ. ಮಗ್ಗದ ಕುಣಿಯಿಂದ ಮೇಲೆ ಬಂದ. “ಹುಡುಗನ್ನ ಕುಂದ್ರಿಸಿ ತೋರಸ್ಯಾರ. ಇದು ಖರೆ ಮೋಸ.”

“ನಾವೇನ್ ಮಾಡಿದ್ವಿ?” ಎಂದಳು ಗೋಡೆಗೆ ಒರಗಿದ್ದ ಮುದುಕಿ. “ಮುಂಜಾನಿಂದ ಹುಡಗೀನ ಮೂಲ್ಯಾಗ ಹುಗದಾಂಗ ಕುಂದ್ರಿಸಿದ್ರಿ. ಬೀಗರು ಹೋಗೂದ್ರಾಗ ಕೂಸಿಗೆ ಕಾಲು ಜೋಮು ಹಿಡದಿತ್ತು. ಅವರು ಗಾದಿ ಮ್ಯಾಲ, ನಾವು ನೆಲದ ಮ್ಯಾಲ. ಮೋಸನೂ ಬರೋಬರಿ ಕೂಡೈತಿ.”

“ನೀ ಸುಮ್ನಿರಬೇ,” ಎಂದ ಹುಲ್ಲಪ್ಪ. “ನಿಶ್ಚೇ ಮುರೀತು. ಸಾಬರ, ಬುಟ್ಟಿ ತಗೊಂಡು ನಡೀರಿ.”

ಮುರ್ತುಜಸಾಬ ಬುಟ್ಟಿಗೆ ಕೈ ಹಾಕಿದ. ಇಳಕಲ್ಲಿನಲ್ಲಿ ಬಾಡಿಗೆ ಮನೆ ಎಲ್ಲಿ ಸಿಗುತ್ತದೋ ಎಂದು ಆತ ಯೋಚಿಸುತ್ತಿದ್ದಾಗ ಚಂದವ್ವ ಕರೆದಳು.

“ಅಣ್ಣಾರ. ಎಷ್ಟು ಗಿಡ್ಡ ಅದಾರ?”

“ಚಂದೂ, ಒಳಗ ನಡಿ,” ಎಂದ ಶಂಕ್ರಪ್ಪ.

“ಹೋಗ್ತೇನಿ. ಎಷ್ಟಂತ ಕೇಳಿ ಹೋಗ್ತೇನಿ.”

ಮುರ್ತುಜಸಾಬ ಹುಲ್ಲಪ್ಪನನ್ನು ನೋಡಿದ, ಶಂಕ್ರಪ್ಪನನ್ನು ನೋಡಿದ. ಕಡೆಗೆ ಎದ್ದು ಬಾಗಿಲ ಚೌಕಟ್ಟಿನ ಹತ್ತಿರ ಹೋಗಿ, ಒಂದು ಕಣ್ಣು ಮುಚ್ಚಿ, ಅಂದಾಜು ಹಿಡಿದು, ಅಂಗೈಯನ್ನು ಅಡ್ಡ ಇಟ್ಟ. ಮನಸ್ಸಾಗದೆ ಒಂದು ಬೆರಳು ಕೆಳಗಿಳಿಸಿದ. ಅಳತೆಯ ವಿಷಯದಲ್ಲಿ ಆತನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಚಂದವ್ವ ಆ ಕೈಯ ಪಕ್ಕದಲ್ಲಿ ಬಂದು ನಿಂತಳು. ಕೈ ಆಕೆಯ ಹೆಗಲಿಗೆ ಬಂತು. ಆಕೆ ಕೈಯನ್ನು ನೋಡಿದಳು. ಹೆಗಲನ್ನು ನೋಡಿದಳು. ಇಷ್ಟು ದಿನ ಬಂದು ನೋಡಿ ಹೋದವರೆಲ್ಲ ಊಟ ಮಾಡಿ, ಎಲೆಯಡಿಕೆ ಹಾಕಿಕೊಂಡು, ಊರಿಗೆ ಹೋಗಿ ಸುದ್ದಿಯಿಲ್ಲದಂತಾದವರು. ಮುರ್ತುಜಸಾಬನ ಕೈ ನೋಯತೊಡಗಿತ್ತು, ಇಳಿಸಲು ಧೈರ್ಯವಿರಲಿಲ್ಲ.

“ಆತು ಬಿಡ್ರಿ,” ಎಂದಳು ಚಂದವ್ವ. “ಅಟ್ಟದ ಮ್ಯಾಲಿನ ಡಬ್ಬಿ ನಾ ಇಳಸ್ತೇನಿ. ಹೊರಸಿನ ಕೆಳಗ ಉರಳಿ ಹ್ವಾದದ್ದು ಅವರು ತಗೀಲಿ.”

ಮೊದಲು ನಕ್ಕವಳು ಮುದುಕಿ. ನಗುತ್ತ ನಗುತ್ತ ಕೆಮ್ಮು ಹತ್ತಿ, ಶಂಕ್ರಪ್ಪ ಬಂದು ಬೆನ್ನು ನೀವಬೇಕಾಯಿತು. ನೀವುತ್ತ ಆತನಿಗೂ ನಗು ಬಂತು. ಹುಲ್ಲಪ್ಪ ಮಾತ್ರ, “ಆದ್ರೂ ಒಂಟಿ...” ಎಂದ. ಚಂದವ್ವ ಬುಟ್ಟಿಯನ್ನು ಸೊಂಟಕ್ಕೆ ಎತ್ತಿಕೊಂಡು, ಬಾಗಿಲಿಗೆ ತಲೆ ಬಗ್ಗಿಸಿ, ಒಳಗೆ ಹೋದಳು. ಆರತಿಯ ತಾಟು ತೊಳೆಯುವ ಸದ್ದು ಕೇಳಿತು. ಸ್ವಲ್ಪ ಹೊತ್ತಿನಲ್ಲಿ ಮಗ್ಗ ಮತ್ತೆ ಹೊಡೆದುಕೊಳ್ಳತೊಡಗಿತು.

ಬಂಡಿ ಬಾಗಲಕೋಟೆ ಮುಟ್ಟಿದಾಗ ಸುಂದರವ್ವ ಬಾಗಿಲಲ್ಲೇ ನಿಂತಿದ್ದಳು. ಹಜರತಬಿಯೂ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಬಂದು ನಿಂತಳು.

“ಆರತಿ ಒಯ್ತಾಳಂತ ಅಕ್ಕಾ,” ಎಂದ ಮುರ್ತುಜಸಾಬ ಇಳಿಯುವ ಮೊದಲೇ. “ಲಗ್ನದ ತಿಥಿ ನೋಡ್ರಿ ಅಂದಾರ.”

ಸುಂದರವ್ವ ಚೌಕಟ್ಟಿಗೆ ಒರಗಿದಳು. ಕಣ್ಣು ಒರೆಸಿಕೊಂಡಳು. ಆಮೇಲೆ ಆಕೆಗೆ ಅನುಮಾನ ಬಂತು. ಒಳ್ಳೆಯ ಸುದ್ದಿ ಅಷ್ಟು ಸುಲಭವಾಗಿ ಆಕೆಯ ಮನೆಗೆ ಬಂದ ರೂಢಿ ಇರಲಿಲ್ಲ.

“ಏನ್ ಹೇಳಿ ಒಪ್ಪಿಸಿದಿ?”

ಮಲೀಕಸಾಬ ತುರ್ತು ಕೆಲಸವಿದ್ದವನಂತೆ ಎತ್ತಿನ ಕೊರಳ ಹಗ್ಗ ಬಿಚ್ಚತೊಡಗಿದ.

“ಗಿಡ್ಡ ಅದಾನ ಅನ್ನೋ ಮಾತು ಬಾಯಾಗಿಂದ ಜಾರೇತಕ್ಕಾ,” ಎಂದ ಮುರ್ತುಜಸಾಬ. “ಹೆಂಗ ಜಾರೇತೋ ಆ ದೇವರಿಗೆ ಗೊತ್ತು. ಹುಡಗಿ ಎಷ್ಟಂತ ಕೇಳಿದ್ಲು. ನಾ ಬಾಯಿಲೆ ಏನೂ ಹೇಳಲಿಲ್ಲ. ಕೈಲೆ ತೋರಿಸಿದೆ, ಅಷ್ಟ.”

ಹಜರತಬಿ ಕಣ್ಣು ಮುಚ್ಚಿಕೊಂಡಳು.

“ಎಲ್ಲಿಗೆ ತೋರಿಸಿದಿ?” ಎಂದಳು ಸುಂದರವ್ವ.

ಆತ ಮೆಟ್ಟಿಲು ಹತ್ತಿ, ಸುಂದರವ್ವನ ಮನೆಯ ಬಾಗಿಲ ಚೌಕಟ್ಟಿಗೆ ಅಂಗೈ ಇಟ್ಟು ತೋರಿಸಿದ. ಆಕೆ ಆ ಕೈಯನ್ನು ನೆಲದಿಂದ ಮೇಲಕ್ಕೆ, ಮೇಲಿಂದ ನೆಲಕ್ಕೆ ನೋಡಿದಳು. ಆಮೇಲೆ ಆತನ ಮಣಿಕಟ್ಟು ಹಿಡಿದು ಒಂದು ಗೇಣು ಮೇಲಕ್ಕೆ ಸರಿಸಿದಳು.

“ಇಲ್ಲಿಗೆ ಬರ್ತಾನ ನನ್ನ ಮಗ,” ಎಂದಳು. “ತಲಿಗೆ ಸುತ್ತೋ ರುಮಾಲು ಯಾಕ ಬಿಟ್ಟಿ?”